ನಿಲ್ಲುತ್ತೆ ಅಂದರು ವಕೀಲಮ್ಮ

ಕರ್ತೃಪದ ನುಂಗಿ ಮಾತಾಡುವುದು ನಮ್ಮ ಜನರ ಹುಟ್ಟುಗುಣ. ‘ಬಂತು’ ಅಂದುಬಿಡುತ್ತೇವೆ, ಬಂದದ್ದು ಬಸ್ಸೋ, ಮಳೆಯೋ, ಸೀನೋ ಎಂಬುದನ್ನು ಕೇಳಿಸಿಕೊಂಡವರೇ ಊಹಿಸಿಕೊಳ್ಳಬೇಕು. ಗಡಿಯಾರಣ್ಣನ ಅಂದಿನ ಪಜೀತಿಗೂ ಅಂಥದೇ ಒಂದು ಮಾತು ಕಾರಣವಾಯಿತು.

ಬೆಳಿಗ್ಗೆ ಕಿಟಕಿಯ ಪಕ್ಕ ಗಾಲಿಕುರ್ಚಿಯಲ್ಲಿ ಕೂತು ಗಡ್ಡ ಹೆರೆದುಕೊಳ್ಳುತ್ತಿದ್ದಾಗ ವಕೀಲಮ್ಮನ ಫೋನ್ ಬಂತು. ಕಾನೂನು ನೆರವು ಕೇಂದ್ರದಿಂದ ಅವನ ಪಾಲಿಗೆ ಸಿಕ್ಕ ವಕೀಲೆ ಆಕೆ. ಬೆನ್ನುಹುರಿಗೆ ಪೆಟ್ಟು ಬಿದ್ದು ಕೂತವರ ಕೇಸು ಎಂದರೆ ಸಾಕು, ಟೊಂಕ ಕಟ್ಟಿ ನಿಲ್ಲುವಾಕೆ.

“ಇವತ್ತು ತೀರ್ಪು ಆಗೋ ಹಾಗಿದೆ. ಎಲ್ಲಾ ಮತ್ತೊಮ್ಮೆ ನೋಡಿದೆ, ನಿಮ್ಮ ಕೇಸು ನಿಲ್ಲುತ್ತೆ. ಆದ್ರೆ ಒಂದು ಮಾತು. ಜಡ್ಜ್ ಏನು ಬೇಕು ಅಂತ ಕೇಳಿದ್ರೆ ‘ಕೆಳಗಿನ ಕೋಣೇಲಿ ಕೆಲಸ ಕೊಡಿ’ ಅಂತ ಅಷ್ಟೇ ಹೇಳಿ. ಅದರ ಮೇಲೆ ಒಂದಕ್ಷರ ಬೇಡ.”

ಗಡಿಯಾರಣ್ಣನಿಗೆ ಎರಡನೆಯ ಮಾತಿಗಿಂತ ಮೊದಲನೆಯದೇ ಹೆಚ್ಚು ರುಚಿಸಿತು. ಅರ್ಧ ಮುಖಕ್ಕೆ ಸೋಪಿನ ನೊರೆ ಇಟ್ಟುಕೊಂಡೇ, “ನಿಲ್ಲುತ್ತೆ ಕಣೇ! ಖಂಡಿತ ನಿಲ್ಲುತ್ತೆ ಅಂದ್ರು ವಕೀಲಮ್ಮ!” ಎಂದು ಅಡುಗೆಮನೆಯ ಕಡೆ ಕೂಗಿದ. ಮಿಕ್ಸಿಯ ಗದ್ದಲದಲ್ಲಿ ಹೆಂಡತಿಗೆ ಅದು ಕೇಳಿಸಲಿಲ್ಲ. ಕೇಳಿಸಿದ್ದು ಬಟ್ಟೆ ಹರವುತ್ತಿದ್ದ ಎದುರುಮನೆ ದೊಡ್ಡಮ್ಮನಿಗೆ.

ಗಡಿಯಾರಣ್ಣ ಊರ ಗಡಿಯಾರ ಗೋಪುರದ ರಿಪೇರಿಯವನು. ಗೋಪುರದ ತುದಿಯಲ್ಲಿ ಎಣ್ಣೆ ಬಿಡುವಾಗ ಏಣಿ ಜಾರಿ ಬಿದ್ದಿದ್ದ. ಬೆನ್ನುಹುರಿ ಹೋಗಿ ಸೊಂಟದಿಂದ ಕೆಳಗೆ ಏನೂ ಅವನ ಮಾತು ಕೇಳುತ್ತಿರಲಿಲ್ಲ. ಕೈಗಳು ಮಾತ್ರ ಮೊದಲಿಗಿಂತ ಗಟ್ಟಿಯಾಗಿದ್ದವು. ಗೋಪುರದ ಬುಡದಲ್ಲೊಂದು ಕೋಣೆಯಿದೆ. ಕಳಚಿ ತಂದ ಹಲ್ಲುಚಕ್ರಗಳನ್ನು ಸರಿಮಾಡುವುದು ಅಲ್ಲಿ. ಅಲ್ಲಿ ತನ್ನನ್ನು ಕೂರಿಸಿ, ಮೇಲೆ ಹತ್ತುವುದಕ್ಕೆ ಇನ್ನೊಬ್ಬನನ್ನು ಕೊಡಿ ಎಂಬುದಷ್ಟೇ ಅವನ ಕೋರಿಕೆ. ಗೋಪುರ ನೋಡಿಕೊಳ್ಳುವ ಪುರಸಭೆ ಕಚೇರಿಯ ಸಾಹೇಬರು, “ಗಡಿಯಾರ ಇರೋದು ಮೇಲೆ, ನೀನಿರೋದು ಕೆಳಗೆ. ಮನೇಲಿ ಆರಾಮಾಗಿರು” ಎಂದು ಕೈತೊಳೆದುಕೊಂಡಿದ್ದರು.

ಅವನು ಬಿದ್ದಾಗ ನಿಂತ ಗಡಿಯಾರ ಮತ್ತೆ ಓಡಿರಲಿಲ್ಲ. ಕಿಟಕಿಯಿಂದ ಆ ಸತ್ತ ಮುಳ್ಳುಗಳನ್ನು ಕಂಡಾಗಲೆಲ್ಲ ಅವನಿಗೆ ಹೊಟ್ಟೆ ಉರಿಯುತ್ತಿತ್ತು. ಕಾಲು ಹೋದದ್ದಕ್ಕೆ ಅತ್ತು ಮುಗಿಸಿದ್ದ. ಕೆಲಸ ಹೋದದ್ದಕ್ಕೆ ಅಳಲೊಲ್ಲದೆ ಹಲ್ಲು ಕಚ್ಚಿ ಕೇಸು ಹಾಕಿದ್ದ.

ಇತ್ತ ದೊಡ್ಡಮ್ಮ ಒದ್ದೆ ಬಟ್ಟೆಯನ್ನು ಬಕೆಟಿನಲ್ಲೇ ಬಿಟ್ಟು, ಪಕ್ಕದ ಮನೆಯ ನಿವೃತ್ತ ಡ್ರಿಲ್ ಮೇಷ್ಟ್ರ ಬಾಗಿಲು ಬಡಿದರು.

“ಮೇಷ್ಟ್ರೇ, ನಮ್ಮ ಗಡಿಯಾರಣ್ಣಂದು ನಿಲ್ಲುತ್ತಂತೆ!”

“ಏನು ನಿಲ್ಲುತ್ತಂತೆ?”

“ಕಾಲು ಕಣ್ರೀ! ನಿಲ್ಲೋದಕ್ಕೆ ಇನ್ನೇನಿದೆ ಅವನ ಹತ್ರ?”

ಮೇಷ್ಟ್ರು ಸೀಟಿ ಹುಡುಕಿಕೊಂಡು ಹೊರಬಿದ್ದರು.

ಗಡಿಯಾರಣ್ಣ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕಿರುಗುಟ್ಟುತ್ತಿದ್ದ ಕುರ್ಚಿಯ ಎಡಚಕ್ರಕ್ಕೆ ಗಡಿಯಾರದ ಎಣ್ಣೆ ಬಿಟ್ಟು, ಹೆಂಡತಿಯೊಂದಿಗೆ ಬಾಗಿಲಿಗೆ ಬಂದರೆ ಇಡೀ ಬೀದಿ ಬಾಗಿಲಲ್ಲಿತ್ತು. ಜನ ತನಗೆ ಬೆಂಬಲ ಕೊಡಲು ಬಂದಿದ್ದಾರೆ ಎಂದುಕೊಂಡು ಅವನ ಕಣ್ಣು ತುಂಬಿತು.

“ನೀವೆಲ್ಲಾ ಇದ್ದೀರಲ್ಲ, ಅಷ್ಟೇ ಸಾಕು,” ಎಂದ.

“ಇವತ್ತೇ ತಾನೆ?” ಎಂದರು ದೊಡ್ಡಮ್ಮ.

“ಇವತ್ತೇ, ದೊಡ್ಡಮ್ಮ. ನಿಂತೇ ನಿಲ್ಲುತ್ತೆ.”

ಜನ ಹೋ ಎಂದು ಚಪ್ಪಾಳೆ ತಟ್ಟಿದರು. ಮೇಷ್ಟ್ರು ಸೀಟಿ ಊದಿ, “ಮೈ ಸಡಿಲ ಬಿಡು! ಉಸಿರು ಒಳಗೆ! ಈಗ ನಿಧಾನಕ್ಕೆ ಏ...ಳು!” ಎಂದು ಅಪ್ಪಣೆ ಕೊಟ್ಟರು. ಗಡಿಯಾರಣ್ಣ ಅವರನ್ನು ಪಿಳಿಪಿಳಿ ನೋಡಿದ. ವಯಸ್ಸಾಯಿತು ಪಾಪ, ಇನ್ನೂ ಶಾಲೆಯಲ್ಲೇ ಇದ್ದಾರೆ ಎಂದುಕೊಂಡು ಕುರ್ಚಿ ಮುಂದಕ್ಕೆ ತಳ್ಳಿಕೊಂಡ. ಬೀದಿ ಹಿಂದೆಯೇ ಹೊರಟಿತು.

ಕೋರ್ಟಿನಲ್ಲಿ ಗಾಲಿಕುರ್ಚಿಗೆಂದು ಇಳಿಜಾರು ದಾರಿ ಇತ್ತು. ಅದರ ತುಂಬ ವಕೀಲರ ಬೈಕುಗಳು ನಿಂತಿದ್ದವು. ಮೇಷ್ಟ್ರ ಸೀಟಿಗೆ ನಾಲ್ಕು ಜನ ಕುರ್ಚಿಯನ್ನು ಎತ್ತಿ ಹೆಗಲ ಮೇಲಿಟ್ಟರು. “ಇಳಿಸ್ರೋ, ಬೈಕು ಸರಿಸಿದ್ರೆ ಸಾಕು!” ಎಂದು ಗಡಿಯಾರಣ್ಣ ಅರಚಿದ್ದು ಜೈಕಾರದಲ್ಲಿ ಮುಳುಗಿಹೋಯಿತು. ಬಾಗಿಲಲ್ಲಿ ನಿಂತಿದ್ದ ಕಚೇರಿ ಕಡೆಯ ದೊಡ್ಡ ವಕೀಲರು, “ಏನಿದು ಗಲಾಟೆ?” ಎಂದರು.

“ಇವತ್ತು ಇವನು ಎದ್ದು ನಿಲ್ತಾನೆ ಸ್ವಾಮಿ!” ಎಂದರು ದೊಡ್ಡಮ್ಮ ಹೆಮ್ಮೆಯಿಂದ.

ದೊಡ್ಡ ವಕೀಲರಿಗೆ ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬಂತಾಯಿತು. ಸಾಹೇಬರ ಕಿವಿಯಲ್ಲಿ ಏನೋ ಉಸುರಿ ಮೀಸೆಯಡಿ ನಕ್ಕರು.

ಬೆನ್ನುಹುರಿ ಹೋದವರಿಗೆ ಒಂದು ಕಟ್ಟಳೆಯಿದೆ. ಕೂತಲ್ಲೇ ಕೂತರೆ ಚರ್ಮ ಒತ್ತಿ ಹುಣ್ಣಾಗುತ್ತದೆ. ಆದದ್ದೂ ಅವರಿಗೆ ತಿಳಿಯುವುದಿಲ್ಲ. ಅದಕ್ಕೇ ಆಗಾಗ ಕುರ್ಚಿಯ ತೋಳುಗಳ ಮೇಲೆ ಕೈ ಊರಿ ಮೈಯನ್ನು ಸ್ವಲ್ಪ ಹೊತ್ತು ಎತ್ತಿ ಹಿಡಿಯಬೇಕು. ಜನ ಹೊತ್ತು ಕುಲುಕಾಡಿಸಿದ ಗಡಿಬಿಡಿಯಲ್ಲಿ ಗಡಿಯಾರಣ್ಣನಿಗೆ ಅದು ತಪ್ಪಿಹೋಗಿತ್ತು. ಒಳಗೆ ಕೂತ ಮೇಲೆ ನೆನಪಾಯಿತು.

ಅದೇ ಹೊತ್ತಿಗೆ ಜಡ್ಜ್ ಸಾಹೇಬರು ಬಂದರು. ಎಲ್ಲರೂ ಎದ್ದು ನಿಂತರು. ಆದರೆ ಒಬ್ಬರೂ ಜಡ್ಜನ್ನು ನೋಡಲಿಲ್ಲ. ಇಡೀ ಬೀದಿ ಕತ್ತು ತಿರುಗಿಸಿ ಗಡಿಯಾರಣ್ಣನನ್ನೇ ನೋಡುತ್ತಿತ್ತು. ಗಡಿಯಾರಣ್ಣ ಎರಡೂ ಕೈ ಊರಿ ಮೈ ಎತ್ತಿದ.

“ಎದ್ದ!” ಎಂದರು ದೊಡ್ಡಮ್ಮ.

“ಎದ್ದ!” ಎಂದು ದೊಡ್ಡ ವಕೀಲರು ಬೆರಳು ತೋರಿಸಿದರು. “ನೋಡಿ ಸ್ವಾಮಿ, ಎಲ್ಲಾ ನಾಟಕ! ಇಡೀ ಬೀದೀನೇ ಸಾಕ್ಷಿ!”

“ನೆಲಕ್ಕೆ ಕಾಲೇ ಊರಿಲ್ಲವಲ್ರೀ,” ಎಂದರು ಜಡ್ಜ್ ಕನ್ನಡಕ ಸರಿಮಾಡಿಕೊಂಡು. “ಗಾಳೀಲಿ ನಿಲ್ತಾರಾ?”

ವಕೀಲಮ್ಮ ಎದ್ದು ಚರ್ಮದ ಹುಣ್ಣಿನ ಕತೆ ವಿವರಿಸಿದರು. ದೊಡ್ಡ ವಕೀಲರು ಪಟ್ಟು ಬಿಡದೆ ದೊಡ್ಡಮ್ಮನನ್ನು ಮುಂದಕ್ಕೆ ಕರೆದರು.

“ಬೆಳಿಗ್ಗೆ ಇವರು ಏನಂದ್ರು?”

“ನಿಲ್ಲುತ್ತೆ ಅಂದ.”

“ಏನು ನಿಲ್ಲುತ್ತೆ ಅಂದ್ರು?”

“ಅದನ್ನ ಅವನೆಲ್ಲಿ ಹೇಳ್ದ ಸ್ವಾಮಿ? ಅಷ್ಟು ತಿಳ್ಕೊಳ್ಳೋ ಬುದ್ಧಿ ನನಗಿಲ್ವಾ?”

ಜಡ್ಜ್ ಗಡಿಯಾರಣ್ಣನ ಕಡೆ ತಿರುಗಿದರು. “ಏನ್ರೀ ನಿಲ್ಲೋದು?”

“ಕೇಸು, ಸ್ವಾಮಿ,” ಎಂದ ಗಡಿಯಾರಣ್ಣ.

ಕೋರ್ಟು ಗೊಳ್ಳೆಂದು ನಕ್ಕಿತು. ಜನ ಯಾಕೆ ಬಂದರು, ಮೇಷ್ಟ್ರು ಯಾಕೆ ಸೀಟಿ ಊದಿದರು, ಎಲ್ಲವೂ ಅವನಿಗೆ ಆಗಲೇ ಹೊಳೆದದ್ದು. ಅವಮಾನದಿಂದ ಕಿವಿ ಬಿಸಿಯಾಯಿತು. ಅದರ ಹಿಂದೆಯೇ ಇಷ್ಟು ದಿನ ಕಚ್ಚಿಹಿಡಿದ ಸಿಟ್ಟು ಕಟ್ಟೆಯೊಡೆಯಿತು.

“ನಗಬೇಡಿ ಸ್ವಾಮಿ! ನನ್ನ ಕಾಲು ನಿಲ್ಲಲ್ಲ, ಇನ್ನು ನಿಲ್ಲೋದೂ ಇಲ್ಲ. ಅದರ ಪಾಡಿಗೆ ಅದಿರಲಿ. ನಿಂತಿರೋದು ಊರ ಗಡಿಯಾರ! ಅದನ್ನ ಓಡಿಸೋಕೆ ಬೇಕಾಗಿರೋದು ಈ ಕೈ, ಕಾಲಲ್ಲ!”

ನಗೆ ತಟ್ಟನೆ ಅಡಗಿತು. ಹೆಂಡತಿ ಕಣ್ಣೊರೆಸಿಕೊಂಡಳು.

“ನಿಮಗೆ ಏನು ಬೇಕು?” ಎಂದರು ಜಡ್ಜ್ ಮೆತ್ತಗೆ.

ವಕೀಲಮ್ಮ ‘ಕೆಳಗಿನ ಕೋಣೆ, ಕೆಳಗಿನ ಕೋಣೆ’ ಎಂದು ತುಟಿಯಾಡಿಸಿದರು, ಬೆರಳಿನಿಂದ ನೆಲ ತೋರಿಸಿದರು. ಗಡಿಯಾರಣ್ಣ ಅವರ ಕಡೆ ನೋಡಿದ್ದರೆ ತಾನೆ!

“ನನ್ನ ಜಾಗ ನನಗೆ ಬೇಕು! ಬೀಳೋಕೆ ಮುಂಚೆ ಎಲ್ಲಿ ಕೆಲಸ ಮಾಡ್ತಿದ್ನೋ ಅದೇ ಜಾಗ! ಒಂದಿಂಚು ಆಚೆ ಈಚೆ ಆದ್ರೂ ಒಪ್ಪಲ್ಲ!”

ಬೀದಿ ಚಪ್ಪಾಳೆ ತಟ್ಟಿತು. ವಕೀಲಮ್ಮ ತಲೆಯ ಮೇಲೆ ಕೈಯಿಟ್ಟುಕೊಂಡರು. ಜಡ್ಜ್ ಗಂಟಲು ಸರಿಪಡಿಸಿಕೊಂಡು ಗುಮಾಸ್ತನಿಗೆ ಹೇಳಿದರು: “ಬರ್ಕೊಳ್ಳಿ. ಅರ್ಜಿದಾರರನ್ನು ಅವರೇ ಕೋರಿದಂತೆ, ಬೀಳುವುದಕ್ಕೆ ಮುಂಚೆ ಕೆಲಸ ಮಾಡುತ್ತಿದ್ದ ಅದೇ ಜಾಗದಲ್ಲಿ ನಾಳೆಯಿಂದಲೇ ಕೆಲಸಕ್ಕೆ ಕೂರಿಸತಕ್ಕದ್ದು. ಒಂದಿಂಚೂ ಆಚೀಚೆ ಆಗಕೂಡದು.” ಹೇಳಿ ಎದ್ದು ಒಳಗೆ ಹೋದರು.

ಹೊರಗೆ ಜನ ಮತ್ತೆ ಕುರ್ಚಿಗೆ ಹೆಗಲು ಕೊಡಲು ಬಂದಾಗ, ಸಾಹೇಬರು ನಗುನಗುತ್ತಾ ಬಂದು ಗಡಿಯಾರಣ್ಣನ ಕೈ ಕುಲುಕಿದರು.

“ಗೆದ್ಬಿಟ್ಟೆ ಬಿಡಪ್ಪ. ಕೋರ್ಟಿನ ಮಾತು ಮೀರೋಕಾಗುತ್ತಾ? ನಾಳೆ ಬೆಳಿಗ್ಗೆ ನಿನ್ನ ಜಾಗಕ್ಕೆ ಬಂದು ಹಾಜರಿ ಹಾಕು.”

“ನನ್ನ ಜಾಗ...”

“ಅದೋ,” ಎಂದು ಸಾಹೇಬರು ಗೋಪುರದ ತುದಿಗೆ ಕೈ ತೋರಿಸಿದರು. “ನೀನು ಬಿದ್ದಿದ್ದು ಅಲ್ಲಿಂದ ತಾನೆ? ಒಂದಿಂಚೂ ಆಚೀಚೆ ಮಾಡಲ್ಲ. ಬರಲಿಲ್ಲ ಅಂದ್ರೆ ಮಾತ್ರ ಗೈರುಹಾಜರಿ ಬೀಳುತ್ತೆ ನೋಡು.”

ಸಾಹೇಬರು ಸಿಳ್ಳೆ ಹಾಕುತ್ತಾ ಹೊರಟುಹೋದರು. ಗಡಿಯಾರಣ್ಣ ಗೋಪುರದ ನಿಂತ ಮುಳ್ಳುಗಳನ್ನು ನೋಡಿದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆದರೆ ಬೆನ್ನುಹುರಿಯನ್ನೇ ಕಳೆದುಕೊಂಡು ಬದುಕಲು ಕಲಿತವನು ಒಂದು ಮಾತಿಗೆ ಸೋಲುತ್ತಾನೆಯೇ? ಕೈ ಊರಿ ಮೈ ಎತ್ತಿ, ಮತ್ತೆ ಕೂತು, ಅಂಗಿ ಎಳೆದು ನೇರ ಮಾಡಿಕೊಂಡ.

“ವಕೀಲಮ್ಮಾ, ಮುಂದೇನು?”

“ತೀರ್ಪು ತಿದ್ದಿಸೋಕೆ ಇವತ್ತೇ ಇನ್ನೊಂದು ಅರ್ಜಿ ಹಾಕೋಣ.”

“ನಿಲ್ಲುತ್ತಾ?”

ವಕೀಲಮ್ಮ ಸುತ್ತ ನೋಡಿದರು. ಬಗ್ಗಿ ಅವನ ಕಿವಿಯಲ್ಲಿ, ಈ ಸಲ ಕರ್ತೃಪದಕ್ಕೆ ಒತ್ತು ಕೊಟ್ಟೇ ಪಿಸುಗುಟ್ಟಿದರು: “ಅರ್ಜಿ. ನಾಳೆ ಹೊತ್ತಿಗೆ ಅರ್ಜಿ ನಿಲ್ಲುತ್ತೆ.”

ಕುರ್ಚಿಯ ಹಿಂದಿನಿಂದ ದೊಡ್ಡಮ್ಮ ಬೀದಿಗೆಲ್ಲ ಕೇಳುವಂತೆ ಕೂಗಿದರು: “ಮೇಷ್ಟ್ರೇ, ಎಲ್ಲರಿಗೂ ಹೇಳ್ಬಿಡಿ! ನಾಳೆ ನಿಲ್ಲುತ್ತಂತೆ!”