ಕಾಕಾನ ಟ್ರ್ಯಾಕ್ಟರಿಗೊಂದು ಶಕ್ತಿಪರೀಕ್ಷೆ

ಭಾರ ಬೀಳುವವರೆಗೆ ಎಲ್ಲರೂ ಸಮರ್ಥರೇ. ಇದು ಹಳೆಯ ಎಂಜಿನುಗಳಿಗೂ ಮನೆತನದ ಮೊದಲ ಪದವೀಧರರಿಗೂ ಸಮಾನವಾಗಿ ಅನ್ವಯಿಸುತ್ತದೆಂಬುದು ನನ್ನ ನಮ್ರ ಅಭಿಪ್ರಾಯ. ನಾನು ಎಂಜಿನಿಯರಿಂಗ್ ಮುಗಿಸಿದಂದಿನಿಂದ ನಮ್ಮವರು ಕೆಟ್ಟ ಮಿಕ್ಸರಿನಿಂದ ಹಿಡಿದು ಕುಂಟುವ ಕುರ್ಚಿಯವರೆಗೆ ಎಲ್ಲವನ್ನೂ ತಂದಿಟ್ಟು, ಆಸ್ಪತ್ರೆಯ ಬಾಗಿಲಲ್ಲಿ ಕಾದು ನಿಂತವರಂತೆ ನನ್ನ ಮುಖವನ್ನೇ ನೋಡುತ್ತಾರೆ.

ಕಬ್ಬಿನ ಹಂಗಾಮು ಹತ್ತಿರ ಬಂದಾಗ ಹಳಿಯಾಳದ ಕಡೆಯ ನಮ್ಮ ಕಾಕಾ ತಮ್ಮ ಮುದಿ ಟ್ರ್ಯಾಕ್ಟರನ್ನೇ ದಾಂಡೇಲಿಯ ನಮ್ಮ ಅಂಗಳಕ್ಕೆ ತಂದು ನಿಲ್ಲಿಸಿದರು. ಅದು ಇನ್ನು ಏರು ಹತ್ತಲಾರದೆಂದು ಅವರ ಮಕ್ಕಳು ಗುಜರಿಗೆ ಹಾಕಲು ನಿಶ್ಚಯಿಸಿದ್ದರು. ಕಾಕಾ ಬಾನೆಟ್ಟಿನ ಮೇಲೆ ಕೈಯಿಟ್ಟು, "ನೀ ಸಾಲಿ ಕಲ್ತಾಂವ ಅದಿ. ಇದರ ಮೈಯಾಗ ಕಸುವು ಐತೋ ಇಲ್ಲೋ, ನೀನ ಹೇಳು. ಇಲ್ಲ ಅಂದ್ರ ಇಲ್ಲೇ ಬಿಟ್ಟು ಬಸ್ ಹತ್ತತೇನಿ" ಎಂದರು. ಹೇಳುವಾಗ ನನ್ನನ್ನು ನೋಡಲಿಲ್ಲ.

ನಾನು ಎಂಜಿನಿನ ಮೇಲೆ ಭಾರ ಹೇರಿ ಶಕ್ತಿ ಅಳೆಯುವ ಯಂತ್ರವೊಂದನ್ನು ರಚಿಸಿದೆ. ನೀರು ತುಂಬಿದ ಡ್ರಮ್ಮಿನೊಳಗೆ ಕಬ್ಬಿಣದ ರೆಕ್ಕೆಗಳು. ಅವನ್ನು ತಿರುಗಿಸುವುದು ಟ್ರ್ಯಾಕ್ಟರಿನ ಹಿಂಬದಿಯ ದಂಡ. ನೀರು ತಡೆಯುತ್ತದೆ, ಎಂಜಿನ್ ಹೆಣಗುತ್ತದೆ, ಡ್ರಮ್ಮಿಗೆ ಕಟ್ಟಿದ ತಕ್ಕಡಿ ಅದರ ಶಕ್ತಿಯನ್ನು ತೋರಿಸುತ್ತದೆ. ಶಾಸ್ತ್ರದಲ್ಲಿ ಹಾಗೆಯೇ ಇದೆ. ಎಂಜಿನ್ ಗುಡುಗಿತು, ಕರಿಹೊಗೆ ಕಾರಿತು, ಆದರೆ ನಿಲ್ಲಲಿಲ್ಲ. ದುರ್ದೈವದಿಂದ ತಕ್ಕಡಿಯ ಮುಳ್ಳೂ ನಿಲ್ಲಲಿಲ್ಲ. ಜಾತ್ರೆಯ ತೊಟ್ಟಿಲಿನಂತೆ ತೂಗಾಡಿತು.

"ಏನಂತೈತೋ?" ಎಂದು ಕಾಕಾ ಕೇಳಿದರು.

"ಅಂತಿಮ ನಿರ್ಣಯಕ್ಕೆ ಇನ್ನೂ ಕೆಲವು ಪ್ರಯೋಗಗಳ ಆವಶ್ಯಕತೆಯಿದೆ" ಎಂದೆ.

ಕಾಕಾ ಅವ್ವನ ಕಡೆ ತಿರುಗಿದರು. "ವೈನಿ, ಇಂವ ಪಾಸ್ ಅಂದ್ನೋ ಫೇಲ್ ಅಂದ್ನೋ?"

ಅವ್ವ ಡ್ರಮ್ಮನ್ನು ಮುಟ್ಟಿ ಥಟ್ಟನೆ ಕೈ ಹಿಂದೆಗೆದಳು. "ಅಯ್ಯ, ಸುಡಾಕತ್ತೈತಿ! ಬಸಣ್ಣ, ನಮ್ಮ ಬಚ್ಚಲ ಒಲಿ ಊದಿ ಊದಿ ನನ್ನ ಕಣ್ಣ ಹೋದ್ರೂ ಇಷ್ಟ ನೀರ ಕಾಯೂದಿಲ್ಲ. ಕಸುವು ಇಲ್ಲದ್ದು ಹಿಂಗ ಕಾಯ್ಸತೈತೇನು? ಪಾಸ್!"

ಆಕ್ಷೇಪಿಸಲು ಬಾಯಿ ತೆರೆದೆ. ಎಂಜಿನಿನ ಶ್ರಮವೇ ನೀರಿನ ಬಿಸಿಯಾಗುತ್ತದೆಂದು ನಾನೇ ಪರೀಕ್ಷೆಯಲ್ಲಿ ಬರೆದು ಅಂಕ ಗಳಿಸಿದ್ದ ಕಾರಣ ಹಾಗೆಯೇ ಮುಚ್ಚಿದೆ. ಕಾಕಾ ಆ ನೀರಿನಲ್ಲೇ ಮನಸಾರೆ ಜಳಕ ಮಾಡಿ, ಒದ್ದೆ ತಲೆಯಲ್ಲೇ ಟ್ರ್ಯಾಕ್ಟರ್ ಏರಿ ಹೊರಟರು. ಆ ಹಂಗಾಮಿನಲ್ಲಿ ಅದು ಕಬ್ಬು ಎಳೆಯಿತು. ಏರಿನಲ್ಲಿ ಸೈಕಲ್ಲುಗಳೂ ಅದನ್ನು ದಾಟಿ ಹೋದವೆಂದು ಮಕ್ಕಳು ದೂರುತ್ತಾರೆ, ಕಾಕಾ ಕಿವಿಗೊಡುವುದಿಲ್ಲ.

ಈಗ ಸುತ್ತಲಿನ ಹಳೆಯ ಟ್ರ್ಯಾಕ್ಟರುಗಳೆಲ್ಲ ನಮ್ಮಲ್ಲಿಗೆ ಬರುತ್ತವೆ. ಮಾಲೀಕರು ಹೆಗಲಿಗೆ ಟವೆಲ್ ಹಾಕಿಕೊಂಡೇ ಬರುತ್ತಾರೆ. ನನ್ನ ವರದಿಯನ್ನು ಈವರೆಗೆ ಯಾರೂ ಕೇಳಿಲ್ಲ. ನಿನ್ನೆ ಒಂದೂ ಬರಲಿಲ್ಲವಾದ್ದರಿಂದ ಅವ್ವ ನನ್ನ ಕೈಗೆ ಕೊಡಲಿ ಕೊಟ್ಟು ಬಚ್ಚಲ ಒಲೆಗೆ ಕಟ್ಟಿಗೆ ಒಡೆಯಲು ಹೇಳಿದಳು. ಎರಡು ಏಟು ಹಾಕುವಷ್ಟರಲ್ಲಿ ಅದನ್ನು ಕಸಿದುಕೊಂಡು, "ಅತ್ತಾಗ ಸರಿ, ನಾನ ಒಡಿತೇನಿ" ಎಂದಳು. ನನ್ನನ್ನು ಅಳೆಯಲು ಡ್ರಮ್ಮೂ ಬೇಕಾಗಲಿಲ್ಲ.