ಜೆ.ಪಿ. ನಗರದ ಮೇಡಂ ಮತ್ತು ನನ್ನ ಹೊಟ್ಟೆಕಿಚ್ಚು

ವಾರಕ್ಕೊಮ್ಮೆಯಾದರೂ ಯಾರೋ ಒಬ್ಬರು ಬಂದು ನನ್ನ ಹೊಟ್ಟೆ ಉರಿಸಿ ಹೋಗುತ್ತಾರೆ. ಯಡಿಯೂರು ಕಡೆಯ ಪುಟ್ಟ ಸರ್ಕಾರಿ ಲೈಬ್ರರಿ ನನ್ನದು. ಜೆ.ಪಿ. ನಗರದ ಶಾಖೆ ಒಬ್ಬ ಮೇಡಂದು. ಹೊಸ ಕಂಪ್ಯೂಟರುಗಳು ನಮ್ಮಿಬ್ಬರಲ್ಲಿ ಒಬ್ಬರಿಗೆ ಮಾತ್ರ ಎಂದು ಇಲಾಖೆಯ ಸಾಹೇಬರು ಹೇಳಿದ ಮೇಲಂತೂ ಆಕೆಯ ಸುದ್ದಿ ಎತ್ತಿದರೆ ನನಗೆ ಮೈಯೆಲ್ಲ ಉರಿ.

ಕಾಣೆಯಾದ ಅಂಕಲ್

ದಿನಾ ಬಾಗಿಲು ತೆಗೆಯುವ ಮೊದಲೇ ಬಂದು ನಿಲ್ಲುತ್ತಿದ್ದ ರಿಟೈರ್ಡ್ ಅಂಕಲ್ ಒಬ್ಬರು ಒಂದು ವಾರ ಕಾಣಲಿಲ್ಲ. ಗಾಬರಿಯಾಗಿ ದಿನವೂ ಪೇಪರಿನ ಶ್ರದ್ಧಾಂಜಲಿ ಪುಟ ನೋಡಿದೆ. ಎಂಟನೇ ದಿನ ಬಂದರು.

"ಹುಷಾರಿರ್ಲಿಲ್ವಾ ಸಾರ್?"

"ಚೆನ್ನಾಗೇ ಇದ್ದೆ. ಜೆ.ಪಿ. ನಗರಕ್ಕೆ ಹೋಗ್ತಿದ್ದೆ. ಅಲ್ಲಿ ಮೇಡಂ ಪೇಪರ್ ಹೊಲಿದು ಇಡ್ತಾರೆ, ಒಂದು ಹಾಳೆನೂ ಕಳೆಯಲ್ಲ."

ಬದುಕಿದ್ದಾರಲ್ಲ ಎಂದು ನಾನು ಖುಷಿಪಡಬೇಕಿತ್ತು. ಆಗಲಿಲ್ಲ.

"ಮತ್ತೆ ಇವತ್ತು ಇಲ್ಲಿ?"

"ಅಲ್ಲಿ ಕುರ್ಚಿ ಸಿಗ್ಲಿಲ್ಲ. ಇಲ್ಲಾದ್ರೆ ಯಾವಾಗ್ಲೂ ಖಾಲಿ."

ಸೂಜಿ ದಾರ

ಮರುದಿನವೇ ನಾನೂ ದಬ್ಬಳ ಹಿಡಿದು ಪೇಪರ್ ಹೊಲಿದೆ. ಮೊದಲೆಲ್ಲ ಐದು ಜನ ಹಾಳೆ ಹಂಚಿಕೊಂಡು ಓದುತ್ತಿದ್ದರು. ಈಗ ಒಬ್ಬರು ಕೂತರೆ ನಾಲ್ವರು ಅವರ ಬೆನ್ನಹಿಂದೆ ನಿಂತು, "ಸಾರ್, ತಿರುಗಿಸ್ಬೇಡಿ, ನಂದಿನ್ನೂ ಆಗಿಲ್ಲ" ಎಂದು ಜಗಳ.

"ಜೆ.ಪಿ. ನಗರದಲ್ಲಿ ಹೇಗೆ ಸರಿಹೋಗುತ್ತೆ?" ಎಂದು ಅಂಕಲ್ ಅವರನ್ನು ಸಿಟ್ಟಿನಿಂದಲೇ ಕೇಳಿದೆ.

"ಅಲ್ಲಿ ಮೂರು ಕಾಪಿ ತರಿಸ್ತಾರೆ ಸಾರ್."

ಪತ್ತೇದಾರಿ

ತಡೆಯಲಾಗಲಿಲ್ಲ. ಆಕೆಯ ಗುಟ್ಟು ಏನೆಂದು ನೋಡಲೇಬೇಕೆಂದು ನಾಲ್ಕು ಸಲ ಅರ್ಧ ದಿನ ರಜೆ ಹಾಕಿ, ಕ್ಯಾಪು ಮಾಸ್ಕು ಹಾಕಿಕೊಂಡು ಅಲ್ಲಿಗೆ ಹೋಗಿ ಮೂಲೆಯಲ್ಲಿ ಕೂತೆ. ಗುಟ್ಟೇನೂ ಸಿಗಲಿಲ್ಲ. ಎರಡನೇ ಸಲ ಹೋದಾಗ ಒಂದು ಕಾದಂಬರಿ ಕೈಗೆ ಸಿಕ್ಕಿತು. ಉಳಿದ ಎರಡು ಸಲ ಹೋಗಿದ್ದು ಅದನ್ನು ಮುಗಿಸುವುದಕ್ಕೆ.

ಮುಂದಿನ ತಿಂಗಳು ಕಂಪ್ಯೂಟರ್ ಯಾರಿಗೆಂದು ತೀರ್ಮಾನಿಸಲು ಸಾಹೇಬರು ನನ್ನನ್ನೂ ಜೆ.ಪಿ. ನಗರಕ್ಕೇ ಕರೆಸಿದರು. "ನಮ್ಮ ಏರಿಯಾದಲ್ಲೂ ಓದುಗರು ಕಮ್ಮಿ ಇಲ್ಲ ಸಾರ್, ನಮ್ಮ ಲೈಬ್ರರಿ ಬಿಟ್ಟು ಅವರು ಎಲ್ಲೂ ಹೋಗಲ್ಲ" ಎಂದು ನಾನು ಎದೆಯುಬ್ಬಿಸಿ ಹೇಳಿದೆ. ಮೇಡಂ, ಬಂದವರು ಹೆಸರು ಬರೆದು ಸಹಿ ಮಾಡುವ ರಿಜಿಸ್ಟರ್ ತೆಗೆದು ಸಾಹೇಬರ ಮುಂದಿಟ್ಟರು.

ಸಾಹೇಬರ ಬೆರಳು ಒಂದು ಕಡೆ ನಿಂತಿತು. "ಇದು ನಿಮ್ಮ ಸಹಿ ಅಲ್ವೇನ್ರೀ?"

ಇಪ್ಪತ್ತು ವರ್ಷದ ಅಭ್ಯಾಸ. ಸಹಿ ಮಾಡದೆ ಒಳಗೆ ಹೋದವರನ್ನು ಗದರಿಸಿ ವಾಪಸ್ ಕರೆಯುವವನು ನಾನು. ವೇಷ ಹಾಕಿಕೊಂಡು ಹೋದ ನಾಲ್ಕೂ ಸಲ ಹೆಸರು, ವಿಳಾಸ ಬರೆದು, ಅಚ್ಚುಕಟ್ಟಾಗಿ ಸಹಿ ಹಾಕಿದ್ದೆ. ಉದ್ಯೋಗ ಎಂಬಲ್ಲಿ 'ಗ್ರಂಥಪಾಲಕ' ಎಂದೂ ಬರೆದಿದ್ದೆ.

"ಪಾಪ, ರೆಗ್ಯುಲರ್ ಆಗಿ ಬರ್ತಾರೆ ಸಾರ್" ಎಂದರು ಮೇಡಂ. ಆಮೇಲೆ ನನ್ನ ಕಡೆ ತಿರುಗಿ, "ಕಂಪ್ಯೂಟರ್ ಬಂದ್ಮೇಲೂ ಬನ್ನಿ ಸಾರ್. ಮಾಸ್ಕ್ ಬೇಡ, ಸೆಕೆ ಆಗುತ್ತೆ."