ಹುಳುಮನೆಯ ಹೊಸ್ತಿಲಲ್ಲಿ ಅಡ್ಡ ನಿಂತ ನೆಗಡಿಯವರಿಗೆ

ಪರಮಪೂಜ್ಯ ನೆಗಡಿಯವರೇ, ಮಾನ್ಯರೇ,

ಕರೆಯದೆ ಬಂದು, ಉಪಚಾರ ಕೇಳದೆ ಉಳಿದು, ಹೊರಟಂತೆ ಮಾಡಿ ಮರುದಿನವೇ ಮರಳುವ ತಮ್ಮ ನಿಷ್ಠೆಗೆ ಜಂಗಮಕೋಟೆಯ ಕವಿತಳ ಸಾಷ್ಟಾಂಗ ನಮಸ್ಕಾರಗಳು. ನೆಂಟರಾದರೂ ಹಬ್ಬ ಮುಗಿದ ಮೇಲೆ ಬಸ್ಸು ಹತ್ತುತ್ತಾರೆ. ತಾವು ಅಂಥ ಸಣ್ಣತನ ಎಂದೂ ತೋರಿದವರಲ್ಲ.

ನಮ್ಮದು ರೇಷ್ಮೆಹುಳು ಸಾಕುವ ಮನೆಯೆಂಬುದು ತಮಗೆ ತಿಳಿದದ್ದೇ. ಈ ಬೆಳೆಯಿಂದ ಹುಳುಮನೆಯ ಬೀಗದ ಕೈ ನನಗೇ ಕೊಡುವುದಾಗಿ ಅತ್ತೆ ಮುನಿಗಂಗಮ್ಮನವರು ಮಾತು ಕೊಟ್ಟಿದ್ದರು. ಮದುವೆಯಾದಾಗಿನಿಂದ ಬರೀ ಸೊಪ್ಪು ಹೊತ್ತ ನನಗೆ ಅದಕ್ಕಿಂತ ದೊಡ್ಡ ಆಸೆಯಿರಲಿಲ್ಲ. ಆದರೆ ಸೀನುವವರು, ಸೆಂಟು, ಮುಲಾಮು, ಹೊಗೆಯ ವಾಸನೆ ಹೊತ್ತವರು ಆ ಹೊಸ್ತಿಲು ದಾಟಕೂಡದೆಂಬುದು ಅವರ ಕಾನೂನು. ತಾವೋ ಒಂಟಿ ಸೀನಿನ ಅಪಶಕುನ ಬೇಡವೆಂದು ಸೀನಿನ ಸರಮಾಲೆಯನ್ನೇ ಕರುಣಿಸಿದಿರಿ. ನಾನು ಕಿಟಕಿಯಾಚೆಯೇ ಉಳಿದೆ.

ತಮ್ಮನ್ನು ಗೌರವದಿಂದ ಬೀಳ್ಕೊಡಲೆಂದು ಚಿಕ್ಕಬಳ್ಳಾಪುರದಲ್ಲಿ ಚೀನಾ ಪದ್ಧತಿಯ ಚಿಕಿತ್ಸೆ ಮಾಡುವ ಸುಧೀಂದ್ರ ಡಾಕ್ಟರ ಬಳಿ ಹೋದೆ. ಅವರು ಮೂಗಿನ ಎರಡೂ ಬದಿಗೆ ಸೂಜಿ ಚುಚ್ಚಿ, ಒಣಸೊಪ್ಪಿನ ಬತ್ತಿ ಹಚ್ಚಿ ಮುಖಕ್ಕೆ ಶಾಖ ಕೊಟ್ಟರು. ತಾವು ಕದಲಲಿಲ್ಲ, ಬತ್ತಿಯ ಹೊಗೆ ಮಾತ್ರ ಸೀರೆಗೆ ಅಂಟಿತು. ನೆಗಡಿಯಿದ್ದರೂ ಹೊರಗೆ, ನೆಗಡಿಗೆ ಮದ್ದು ಮಾಡಿಸಿದರೂ ಹೊರಗೆ!

ನನ್ನ ಗೋಳು ಕೇಳಿ ಡಾಕ್ಟರು ಕಷಾಯಕ್ಕೊಂದು ಪೊಟ್ಟಣ ಕೊಟ್ಟರು. ಹೊಗೆಯಿಲ್ಲದ ಮದ್ದೆಂಬ ಸಂತೋಷದಲ್ಲಿ ಬಿಚ್ಚಿಯೂ ನೋಡದೆ ಹುಳುಮನೆಯ ಕಿಟಕಿಯಲ್ಲಿಟ್ಟೆ. ಅತ್ತೆ ಬಿಚ್ಚಿದರು. ಒಳಗಿದ್ದದ್ದು ಸುಣ್ಣಕಟ್ಟು ರೋಗ ತಗುಲಿ, ಬೆಳ್ಳಗೆ ಸೆಟೆದು ಸತ್ತ ರೇಷ್ಮೆಹುಳುಗಳು! ಅಂಥದ್ದೊಂದು ಕಂಡರೂ ಬೆಳೆ ಹೋಯಿತೆಂದು ನಾವು ಎದೆ ಬಡಿದುಕೊಳ್ಳುತ್ತೇವೆ; ಚೀನಾದವರು ಅದನ್ನೇ ಕುದಿಸಿ ಕುಡಿಯುತ್ತಾರಂತೆ. “ಊರೋರೆಲ್ಲ ಸುಟ್ಟು ಹೂಳೋದನ್ನ ಇವ್ಳು ಪೊಟ್ಟಣ ಕಟ್ಟಿಸ್ಕೊಂಡು ಬಂದವ್ಳೆ ಕಣ್ರಪ್ಪೋ!” ಎಂಬ ಅತ್ತೆಯ ಕೂಗು ದೂರದ ಸಾದಲಿ ಊರಿಗೂ ಕೇಳಿಸಿರಬೇಕು.

ನನ್ನನ್ನು ತಲೆಗೆ ಸ್ನಾನ ಮಾಡಿ ಬಾ ಎಂದು ತೋಟದ ಬೋರ್‌ವೆಲ್‌ಗೆ ಅಟ್ಟಿ, ಅಂಗಳಕ್ಕೆ, ಗೋಡೆಗೆ, ಕಡೆಗೆ ನನ್ನ ಚಪ್ಪಲಿಗೂ ಅತ್ತೆಯೇ ಖುದ್ದಾಗಿ ಬ್ಲೀಚಿಂಗ್ ಪುಡಿ ಎರಚಿದರು. ಆ ಘಾಟಿಗೆ ಅವರು ಸೀನತೊಡಗಿದರು ನೋಡಿ, ನಿಲ್ಲಲೇ ಇಲ್ಲ. ಮಿಂದು ಬಂದ ನನ್ನಲ್ಲೋ ಹೊಗೆಯ ವಾಸನೆಯೂ ಇಲ್ಲ, ಒಂದು ಸೀನೂ ಇಲ್ಲ; ತಾವು ಮೂಗು ಬದಲಾಯಿಸಿದ್ದಿರಿ. ಒಳಗೆ ಹಣ್ಣಾದ ಹುಳುಗಳು ಗೂಡು ಕಟ್ಟಲು ತಲೆಯೆತ್ತಿ ಕಾಯುತ್ತಿದ್ದವು. ತಡಮಾಡದೆ ಅವನ್ನು ಆರಿಸಿ, ಗೂಡು ಕಟ್ಟುವ ಬಿದಿರು ತಟ್ಟಿಯಾದ ಚಂದ್ರಂಕಿಗೆ ಬಿಡಬೇಕಿತ್ತು. ಅತ್ತೆ ತಾವೇ ಮಾಡಿದ ಕಾನೂನನ್ನು ತಾವೇ ಮುರಿಯಲಾರದೆ, ಸೆರಗಿನಿಂದ ಮೂಗೊತ್ತಿಕೊಂಡು, ಬೀಗದ ಕೈಯನ್ನು ನನ್ನ ಒದ್ದೆ ಅಂಗೈಗೆ ಹಾಕಿದರು. ಕುಣಿದುಬಿಡುವಷ್ಟು ಖುಷಿಯಾಯಿತು, ಮಾನ್ಯರೇ.

ಆದ್ದರಿಂದ ಹಿಂದಿನ ದೂರುಗಳನ್ನೆಲ್ಲ ಈ ಮೂಲಕ ಹಿಂಪಡೆಯುತ್ತಾ, ಗೂಡು ಶಿಡ್ಲಘಟ್ಟದ ಮಾರುಕಟ್ಟೆ ಸೇರುವವರೆಗೆ ತಾವು ಹಿರಿಯರ ಮೂಗಿನಲ್ಲೇ ಸುಖವಾಗಿ ಬಿಡಾರ ಹೂಡಿರಬೇಕೆಂದು ಪ್ರಾರ್ಥಿಸುತ್ತೇನೆ.

ಇಂತಿ, ಸದ್ಯಕ್ಕೆ ಸರಾಗವಾಗಿ ಉಸಿರಾಡುತ್ತಿರುವ
ತಮ್ಮ ವಿಶ್ವಾಸಿ,
ಕವಿತ

ತಾ.ಕ.: ಚಿಕ್ಕಬಳ್ಳಾಪುರದ ಡಾಕ್ಟರ ಬಳಿಗೆ ಬಸ್ಸು ಎಷ್ಟು ಹೊತ್ತಿಗೆಂದು ಅತ್ತೆ ಕಿಟಕಿಯಾಚೆ ನಿಂತು ಮೆಲ್ಲಗೆ ವಿಚಾರಿಸುತ್ತಿದ್ದಾರೆ. ಈ ಬೆಳೆ ಮುಗಿಯುವವರೆಗೆ ಬಸ್ಸೇ ಇಲ್ಲವೆಂದು ತಿಳಿಸಿದ್ದೇನೆ.